ರಿಪೋರ್ಟಿನಲ್ಲಿ ‘ಸಿಸ್ಟ್’ ಇದ್ದ ಮಾತ್ರಕ್ಕೆ ಆಪರೇಷನ್ನೇ?

ಕಾಸರಗೋಡು: ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದ ಹೆಂಗಸಿನ ರಿಪೋರ್ಟಿನಲ್ಲಿ ‘ಓವೇರಿಯನ್ ಸಿಸ್ಟ್’ ಎಂಬ ಪದ ಕಂಡರೆ ಮನೆಮಂದಿಯ ನಿದ್ದೆ ಹಾರುತ್ತದೆ. ಮಂಗಳೂರಿಗೆ ಓಡಬೇಕೋ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ? ‘ಹೇಗೂ ಮಕ್ಕಳಾಯ್ತಲ್ಲ, ತೆಗೆಸಿ ಬಿಡಿ’ ಎನ್ನುವ ನೆಂಟರೂ ಇದ್ದೇ ಇರುತ್ತಾರೆ. ಆದರೆ ಉತ್ತರದ ದೊಡ್ಡ ಪಾಲು ಅದೇ ಸ್ಕ್ಯಾನಿಂಗ್‌ನಲ್ಲೇ ಸಿಗುತ್ತದೆ.

ಮುಟ್ಟಾಗುವ ಪ್ರಾಯದಲ್ಲಿ ಅಂಡಾಶಯದಲ್ಲಿ ತಿಂಗಳು ತಿಂಗಳೂ ನೀರಿನ ಗುಳ್ಳೆ ಬೆಳೆದು ಒಡೆಯುತ್ತದೆ. ಒಡೆಯದೆ ಉಳಿದದ್ದೇ ಎಷ್ಟೋ ಸಲ ಈ ಸಿಸ್ಟ್. ಗೋಡೆ ತೆಳು, ಒಳಗೆ ಬರೀ ನೀರು, ಅಳತೆ 5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮತ್ತೆ ಸ್ಕ್ಯಾನ್ ಸಹ ಸಾಮಾನ್ಯವಾಗಿ ಬೇಡವೆಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲೇ ಹೇಳಿದೆ. ಮುಟ್ಟು ನಿಂತವರಿಗೆ ಈ ಲೆಕ್ಕ ಹಿಡಿಯುವುದಿಲ್ಲ, ಅಲ್ಲಿ ಜಾಗ್ರತೆ ಹೆಚ್ಚು ಬೇಕು.

ಅಂತಾರಾಷ್ಟ್ರೀಯ ತಜ್ಞರ ‘ಐಯೋಟಾ’ ತಂಡ 2008ರಲ್ಲಿ ಸರಳ ನಿಯಮಗಳನ್ನು ಪ್ರಕಟಿಸಿತು. ಒಂದೇ ಕೋಣೆ, ನಯವಾದ ಗೋಡೆ, ರಕ್ತದ ಹರಿವಿಲ್ಲದಿರುವುದು, ಗಡ್ಡೆಯ ಹಿಂದೆ ಕಪ್ಪು ನೆರಳು ಬೀಳುವುದು ಒಳ್ಳೆಯ ಗುರುತು. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಗಡ್ಡೆ ಹೆಸರು ಕೇಳಲು ಭಯಂಕರವಾದರೂ ಹೆಚ್ಚಾಗಿ ಈ ಗುಂಪಿನದೇ. ಒರಟಾದ ಗಟ್ಟಿ ಗಡ್ಡೆ, ಒಳಗೋಡೆಯಲ್ಲಿ ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಹೊಟ್ಟೆಯಲ್ಲಿ ನೀರು, ಜೋರು ರಕ್ತದ ಹರಿವು ಕೆಟ್ಟ ಗುರುತು. ಸುಮಾರು ನಾಲ್ಕರಲ್ಲಿ ಮೂರು ಗಡ್ಡೆಗಳಿಗೆ ಇಷ್ಟರಿಂದಲೇ ಉತ್ತರ ಸಿಗುತ್ತದೆ. ಎರಡೂ ಬಗೆಯ ಗುರುತು ಬೆರೆತರೆ, ಅಥವಾ ಯಾವುದೂ ಇಲ್ಲದಿದ್ದರೆ, ಅನುಭವಿ ತಜ್ಞರೇ ನೋಡಬೇಕು. ಬರೀ ‘ಕಾಂಪ್ಲೆಕ್ಸ್ ಸಿಸ್ಟ್’ ಎಂದು ಗೀಚಿ ಕಳಿಸುವ ರಿಪೋರ್ಟಿನಿಂದ ಯಾರಿಗೂ ಉಪಯೋಗವಿಲ್ಲ.

ಸಿಎ-125 ರಕ್ತಪರೀಕ್ಷೆ ಏರಿದ್ದಕ್ಕೇ ಹೆದರುವವರೂ ಇದ್ದಾರೆ. ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಕ್ಷಯ, ಕೆಲವೊಮ್ಮೆ ಮುಟ್ಟಿನಲ್ಲೂ ಅದು ಏರುತ್ತದೆ.

ತಪ್ಪು ಎರಡೂ ಕಡೆ ದುಬಾರಿ. ಸಾದಾ ಗುಳ್ಳೆಗಾಗಿ ಎರಡೂ ಅಂಡಾಶಯ ತೆಗೆದರೆ ಮೂವತ್ತರ ಹೆಂಗಸಿಗೆ ಮುಟ್ಟು ಅಂದಿಗೇ ನಿಲ್ಲುತ್ತದೆ. ಕ್ಯಾನ್ಸರನ್ನು ಸಾದಾ ಗುಳ್ಳೆಯೆಂದು ತೂತು ಹಾಕಿದರೆ ಒಳಗಿನದು ಹೊಟ್ಟೆಯಲ್ಲಿ ಚೆಲ್ಲಿ ರೋಗದ ಹಂತವೇ ಮೇಲೇರಬಹುದು.

ಗಡಿನಾಡಿನವರಿಗೆ ಸ್ಕ್ಯಾನ್ ಈಚೆ, ಸರ್ಜನ್ ಆಚೆ. 2020ರ ಮಾರ್ಚ್‌ನಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಈ ಅವಲಂಬನೆಯ ಕಷ್ಟ ಊರಿಗೇ ಗೊತ್ತಾಯಿತು. ಹೋಗುವಾಗ ರಿಪೋರ್ಟು ಮಾತ್ರವಲ್ಲ, ಚಿತ್ರಗಳನ್ನೂ ಹಳೆಯ ಸ್ಕ್ಯಾನನ್ನೂ ಕೊಂಡೊಯ್ಯಬೇಕು. ಗಡ್ಡೆ ಬೆಳೆದಿದೆಯೋ ಕರಗಿದೆಯೋ ತಿಳಿಯುವುದು ಹೋಲಿಸಿದಾಗಲೇ.

ಸಿಸ್ಟ್ ಇದ್ದವರಿಗೆ ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ ಬಂದರೆ ಮಾತ್ರ ಯಾವ ಊರು ಎಂದು ಯೋಚಿಸುತ್ತಾ ಕೂರುವಂತಿಲ್ಲ. ಅಂಡಾಶಯ ತಿರುಚಿಕೊಂಡಿರಬಹುದು, ಹತ್ತಿರದ ಆಸ್ಪತ್ರೆಗೇ ಹೋಗಬೇಕು.