ಗಾಜಿನೆಳೆಯ ಮೇಲೆ ಪೇಟೆ ವ್ಯಾಪಾರ

ಮೊನ್ನೆ ಸಂಜೆ ಆರೂವರೆ. ವ್ಯಾಪಾರ ಕುದುರುವ ಹೊತ್ತು. ಪೇಟೆ ಬೀದಿಯ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಫೋನು ತೆಗೆದೆ. ದುಡ್ಡು ಹೋಗಲೊಲ್ಲದು. ಪಕ್ಕದ ಬೇಕರಿಯಲ್ಲೂ ಅದೇ ಗೋಳು, ಮೆಡಿಕಲ್ ಸ್ಟೋರಿನಲ್ಲೂ ಅದೇ. "ಚಿಲ್ಲರೆ ಇದ್ರೆ ಕೊಡಿ ಸಾರ್, ಬೆಳಗ್ಗಿಂದ ಇಷ್ಟೇ ಆಯ್ತು" ಅಂದರು ಯಜಮಾನರು. ಕಾರಣ ಇಷ್ಟೇ: ನೀರಿನ ಪೈಪು ಹೂಳಲು ಬಂದ ಜೆಸಿಬಿ ಆಪ್ಟಿಕಲ್ ಫೈಬರ್ ಕೇಬಲನ್ನು ಕಿತ್ತು ಬಿಸಾಕಿತ್ತು.

"ನಮ್ದು ಮೊಬೈಲು, ಕೇಬಲ್ ಯಾಕ್ರೀ?" ಅನ್ನುವವರು ಕೇಳಿ. ಗಾಳಿಯ ಮಾತು ಟವರಿನ ತನಕ ಮಾತ್ರ. ಅಲ್ಲಿಂದಾಚೆಗೆ ಎಷ್ಟೋ ಕಡೆ ಈ ಕೇಬಲ್ಲೇ ಗತಿ.

ಅದರೊಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಬೆಳಕು ಹೊರಗೆ ಸೋರದೆ ಅದರಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ, ಇಂತಹ ಎಳೆಗಳ ಕಟ್ಟಿನೊಳಗಿಂದ ಚಿತ್ರ ಸಾಗಿಸಬಹುದೆಂದು ಲಂಡನ್ನಿನಲ್ಲಿ ಸಾಧಿಸಿ 1954ರಲ್ಲಿ ಪ್ರಕಟಿಸಿದರು.

ಲಾಭ ಸಣ್ಣದಲ್ಲ. ತಾಮ್ರದ ತಂತಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊರೆ ಹೊರುತ್ತದೆ. ಪಕ್ಕದಲ್ಲಿ ಕರೆಂಟ್ ಲೈನ್ ಇದ್ದರೂ ಗೊರಗೊರ ಇಲ್ಲ. ಗಾಜಿಗೆ ಗುಜರಿಯಲ್ಲಿ ತಾಮ್ರದ ಬೆಲೆಯೂ ಇಲ್ಲ. ಹೊಟ್ಟೆಯೊಳಗೆ ಇಣುಕಿ ನೋಡುವ ಡಾಕ್ಟರಿಗೂ ಇಂಥದೇ ಎಳೆ ಬೆಳಕು ಒಯ್ದು ಕೊಡುತ್ತದೆ.

ತೊಡಕೂ ಇದೆ. ತಾಮ್ರ ತುಂಡಾದರೆ ತಿರುಚಿ ಟೇಪು ಸುತ್ತಬಹುದಿತ್ತು. ಗಾಜಿನ ಎಳೆಗಳನ್ನು ಒಂದೊಂದಾಗಿ ತುದಿ ಕರಗಿಸಿ ಬೆಸೆಯಬೇಕು. ಅದಕ್ಕೆ ಬೇರೆ ಯಂತ್ರ, ಪಳಗಿದ ಕೈ ಬೇಕು. ಹೆಚ್ಚು ಬಗ್ಗಿಸಿದರೆ ಬೆಳಕು ಸೋರುತ್ತದೆ. ಕರೆಂಟ್ ಹೋದಾಗಲೂ ರಿಂಗಾಗುತ್ತಿದ್ದ ಹಳೇ ಫೋನಿನ ಹಾಗಲ್ಲ. ಬ್ಯಾಟರಿ ಇಲ್ಲದಿದ್ದರೆ ಮನೆಯ ಫೈಬರ್ ಡಬ್ಬಿ ತಕ್ಷಣ ಕಣ್ಮುಚ್ಚುತ್ತದೆ.

ಆದರೆ ಮೊನ್ನೆಯ ತಪ್ಪು ಗಾಜಿನದಲ್ಲ, ಹೇಳದೆ ಕೇಳದೆ ಅಗೆದವರದು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಕೇಬಲ್ ತುಂಡಾಗುತ್ತದೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಹೇಳಿತು. ಅದೇ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಅಗೆಯುವವನು ಮೊದಲೇ ತಿಳಿಸಬೇಕು, ನೆಲದಡಿ ತನ್ನ ಕೇಬಲ್ ಇರುವವನು ಎಚ್ಚರಿಸಬೇಕು. ಇಷ್ಟೇ ಅದರ ಮರ್ಮ. ಜೆಸಿಬಿಯ ಡ್ರೈವರನಿಗೆ ಇದನ್ನು ಯಾರು ಹೇಳಿದ್ದಾರೆ, ಸ್ವಾಮಿ?

ಕೇಬಲ್ ತುಂಡು ಮಾಡಿದವರ ಬಿಲ್ಲಿಗೆ ಕತ್ತರಿ ಬೀಳಲಿ. ಆ್ಯಪಿನಲ್ಲಿ ತಿಳಿಸಿದ ದಾಖಲೆ ತೋರಿಸದೆ ಅಗೆಯಲು ಅನುಮತಿ ಬೇಡ. ಕಂಪನಿಗಳೂ ಊರಿಗೆ ಎರಡು ದಾರಿಯಿಂದ ಕೇಬಲ್ ತರಲಿ. ಒಂದು ಕಡಿದರೆ ಇನ್ನೊಂದು ನಡೆಯುತ್ತದೆ.

ಅಲ್ಲಿಯವರೆಗೆ ಅಂಗಡಿಯವರು ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಇಟ್ಟಿರಿ. ಬಸ್ಸಿಗೆ ಹೊರಟವರು ಜೇಬಿನಲ್ಲಿ ನೂರು ರೂಪಾಯಿ ಇಟ್ಟುಕೊಳ್ಳಿ. ಮುಂದಿನ ಬೀದಿಯಲ್ಲಿ ಆಗಲೇ ಸುಣ್ಣದ ಗೆರೆ ಎಳೆದಿದ್ದಾರೆ!