ಸಂಯಮದ ಉಪದೇಶ ಸಾಕು

ನಮ್ಮ ಸಾಹಿತ್ಯ ಕೂಟಗಳಲ್ಲಿ ಈಚೆಗೆ ಖಚಿತವಾಗಿ ಚಪ್ಪಾಳೆ ಗಿಟ್ಟಿಸುವ ಮಾತೊಂದಿದೆ: ಈಗಿನ ಹುಡುಗರಿಗೆ ಸಂಯಮವಿಲ್ಲ, ಮೊಬೈಲು ಹಿಡಿದರೆ ಕೆಳಗಿಡುವುದಿಲ್ಲ. ಕಳೆದ ತಿಂಗಳು ಇಲ್ಲಿ ದೆಹಲಿಯ ಒಂದು ಸಭೆಯಲ್ಲಿ ಹಿರಿಯರೊಬ್ಬರು ಇದನ್ನೇ ಇಪ್ಪತ್ತು ನಿಮಿಷ ವಿಸ್ತರಿಸಿದರು. ಆ ಹೊತ್ತಿನಲ್ಲಿ ಸಭಿಕರಲ್ಲಿ ಅರ್ಧದಷ್ಟು ಜನ ತಂತಮ್ಮ ಫೋನು ನೋಡುತ್ತಿದ್ದರು. ನಾನೂ ಅವರಲ್ಲೊಬ್ಬ.

ಈ ಉಪದೇಶ ನಿಷ್ಪ್ರಯೋಜಕವಷ್ಟೇ ಅಲ್ಲ, ಅನ್ಯಾಯದ್ದೂ ಹೌದು ಎಂಬುದು ನನ್ನ ತಕರಾರು.

ಪುಸ್ತಕಕ್ಕೆ ಅಧ್ಯಾಯದ ಕೊನೆಯಿದೆ, ಪತ್ರಿಕೆಗೆ ಕೊನೆಯ ಪುಟವಿದೆ. ಹಿಂದೆ ಜಾಲತಾಣಗಳಲ್ಲೂ 'ಮುಂದಿನ ಪುಟ' ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವ ಮುನ್ನ ಸಾಕೇ, ಇನ್ನೂ ಬೇಕೇ ಎಂದು ಮನಸ್ಸು ಅರೆಗಳಿಗೆ ಕೇಳಿಕೊಳ್ಳುತ್ತಿತ್ತು. ಕೊನೆಯಿಲ್ಲದ ಸ್ಕ್ರೋಲ್ ಕಿತ್ತುಕೊಂಡದ್ದು ಆ ಅರೆಗಳಿಗೆಯನ್ನು. 2006ರಲ್ಲಿ ಅದನ್ನು ರೂಪಿಸಿದ ವಿನ್ಯಾಸಕಾರ ಏಜಾ ರಾಸ್ಕಿನ್ ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಇದರ ಮೇಲೆ ಜೂಜಿನ ಯಂತ್ರದ ತಂತ್ರ ಬೇರೆ: ಹತ್ತು ವಿಡಿಯೋ ಸಪ್ಪೆ, ಹನ್ನೊಂದನೆಯದು ನಗಿಸುತ್ತದೆ, ಯಾವುದು ನಗಿಸೀತೆಂದು ತಿಳಿಯದ್ದರಿಂದಲೇ ಬೆರಳು ನಿಲ್ಲದು. ಒಂದು ಕಡೆ ಇದನ್ನೇ ಕಸುಬಾಗಿಸಿಕೊಂಡ ಇಂಜಿನಿಯರುಗಳ ದಂಡು, ಇನ್ನೊಂದು ಕಡೆ ಹನ್ನೊಂದನೆಯ ತರಗತಿಯ ಹುಡುಗಿ. ಸೋತವಳಿಗೆ ನಮ್ಮಿಂದ ಸಂಯಮದ ಪಾಠ!

ಆ ಫೋನನ್ನು ಅವಳ ಕೈಗೆ ಕೊಟ್ಟವರಾದರೂ ಯಾರು? 2020ರಲ್ಲಿ ಶಾಲೆಗಳು ಮುಚ್ಚಿದಾಗ, ಪಾಠಕ್ಕೆಂದು ನಾವೇ ಕೊಟ್ಟೆವು. ಆ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಕಾರಣ ದೇಶದ ಭದ್ರತೆ, ಮಕ್ಕಳ ನಿದ್ದೆಯಲ್ಲ. ತೆರವಾದ ಜಾಗಕ್ಕೆ ಜುಲೈಯಲ್ಲಿ ರೀಲ್ಸ್, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂದು ಕುಳಿತವು. ಹದಿನೆಂಟು ತುಂಬದವರ ವರ್ತನೆಯ ಮೇಲೆ ಕಣ್ಣಿಟ್ಟು ಅವರಿಗೆಂದೇ ಜಾಹೀರಾತು ಗುರಿಯಿಡಬಾರದೆಂದು 2023ರ ಡಿಜಿಟಲ್ ದತ್ತಾಂಶ ಕಾಯ್ದೆ ಹೇಳುತ್ತದೆ. ಕಾಯ್ದೆ ಕಾಗದದಿಂದ ನೆಲಕ್ಕಿಳಿಯಲು ಎಷ್ಟು ಕಾಲ ಹಿಡಿಯುತ್ತದೆಂದು ನನ್ನಂಥ ಕಡತ ಸಾಗಿಸುವವನಿಗೆ ಬೇರೆ ಹೇಳಬೇಕಿಲ್ಲ.

ಹೊರನಾಡಿನ ನಮ್ಮದೊಂದು ಸಮರ್ಥನೆಯುಂಟು: ಮಕ್ಕಳ ಕಿವಿಗೆ ಕನ್ನಡ ಬೀಳುವುದೇ ರೀಲ್ಸ್‌ನಿಂದ. ಅದರಲ್ಲಿ ಹುರುಳಿದೆ. ನನ್ನ ಮಗಳು ಧಾರವಾಡದ ಕನ್ನಡವನ್ನು ಮೊದಲು ಕೇಳಿ ನಕ್ಕದ್ದು ಅಲ್ಲಿಯೇ. ಆದರೆ ಊರಿನಿಂದ ಅಜ್ಜಿ ಫೋನು ಮಾಡಿದರೆ 'ಊಟ ಆಯ್ತಾ ಅಜ್ಜಿ' ಎಂಬುದರಾಚೆಗೆ ತಡವರಿಸುತ್ತಾಳೆ. ರೀಲ್ಸ್ ಎಂದೂ ಅವಳಿಂದ ಉತ್ತರ ಬೇಡಿದ್ದಿಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ಕಿರಿಯರಿಗೆ ನನ್ನ ಮಾತು: ಪ್ರತಿಜ್ಞೆ ಮಾಡಬೇಡಿ, ಕಳೆದುಹೋದ ಆ ಕೊನೆಯನ್ನು ಮರಳಿ ತನ್ನಿ. ಯೂಟ್ಯೂಬಿನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ ನಿಲ್ಲಿಸಿದರೆ ಮುಖಪುಟ ಬರಿದಾಗುತ್ತದೆ; ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಇನ್‌ಸ್ಟಾಗ್ರಾಮನ್ನು ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯಿರಿ. ಊಟ, ನಿದ್ದೆ, ಶಾಲೆ ಎಲ್ಲವೂ ಕೆಟ್ಟಿದ್ದರೆ ಅದು ವೈದ್ಯರ ವಿಷಯ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ಚಿಕಿತ್ಸಾಲಯ ತೆರೆದಿದೆ.

ಹಿರಿಯರಿಗೆ ಹೇಳುವುದು ಇಷ್ಟೇ: ನಿಯಮ ಮನೆಗೆಲ್ಲ ಒಂದೇ ಇರಲಿ. ನಮ್ಮ ಕ್ವಾರ್ಟರ್ಸಿನಲ್ಲಿ ರಾತ್ರಿ ಹತ್ತಕ್ಕೆ ಮೂರೂ ಫೋನುಗಳು ಹಜಾರದ ಬೀರುವಿಗೆ ಹೋಗುತ್ತವೆ. ಬೆಳಿಗ್ಗೆ ಏಳಲು ಅಲಾರಾಂ ಗಡಿಯಾರ ಕೊಂಡಿದ್ದೇವೆ. ಮೊದಲ ವಾರದಲ್ಲಿ ಎರಡು ಸಲ ನಡುರಾತ್ರಿ ಬೀರು ತೆರೆದು ಸಿಕ್ಕಿಬಿದ್ದವನು ನಾನು. ಕೀಲಿಕೈ ಈಗ ಮಗಳ ಬಳಿ ಇದೆ.