ಗಡುವು ಮತ್ತು ಕ್ಷಯ

ಇಡೀ ಪ್ರಪಂಚದ ಆರೋಗ್ಯಕ್ಕೆ ಒಂದೇ ಗುರಿಯಿಟ್ಟು, ಅದಕ್ಕೊಂದು ಗಡುವು ಹಾಕುವ ಕ್ರಮಕ್ಕೆ ಧೈರ್ಯ ತುಂಬಿದ್ದು ಸಿಡುಬಿನ ಅಳಿವು. ವಿಶ್ವ ಆರೋಗ್ಯ ಸಂಸ್ಥೆ 1967ರಲ್ಲಿ ಬಿರುಸುಗೊಳಿಸಿದ ಕೆಲಸ 1980ರಲ್ಲಿ ಮುಗಿಯಿತು. ಅದೇ ಸಂಸ್ಥೆ 1955ರಲ್ಲಿ ಮಲೇರಿಯಾ ನಿರ್ಮೂಲನಕ್ಕೆ ಕೈಹಾಕಿ, 1969ರಲ್ಲಿ ಅದನ್ನು ಕೈಬಿಟ್ಟದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸಿಡುಬು ಮುಖದ ಮೇಲೆಯೇ ಕಾಣುತ್ತಿತ್ತು, ಅದಕ್ಕೆ ಒಳ್ಳೆಯ ಲಸಿಕೆ ಇತ್ತು, ರೋಗಾಣುವಿಗೆ ಮನುಷ್ಯನಲ್ಲದೆ ಬೇರೆ ಆಸರೆ ಇರಲಿಲ್ಲ. ಈ ಅನುಕೂಲಗಳಿಲ್ಲದ ರೋಗಕ್ಕೂ ಅದೇ ಅಚ್ಚಿನಲ್ಲಿ ಗುರಿ ಹೊಯ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಷಯ ಸಾಕ್ಷಿ.

ಮೈಸೂರಿನಲ್ಲಿ ಕ್ಷಯ ಅರಮನೆಯವರನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಅದಕ್ಕೆ ಬಲಿಯಾದರು. ಅವರ ನೆನಪಿಗೆ 1921ರಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ತಲೆಯೆತ್ತಿದ ಆಸ್ಪತ್ರೆ ಊರಿನವರ ಬಾಯಲ್ಲಿ ಪಿ.ಕೆ. ಸ್ಯಾನಿಟೋರಿಯಂ. ಪ್ಯಾರಿಸ್ಸಿನಲ್ಲಿ ಮಗುವೊಂದಕ್ಕೆ ಮೊದಲ ಬಿ.ಸಿ.ಜಿ. ಲಸಿಕೆ ಕೊಟ್ಟದ್ದೂ ಅದೇ ವರ್ಷ. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ಎರಡು ದಶಕ ಬೇಕಿತ್ತು. ಆಗ ಸ್ಯಾನಿಟೋರಿಯಂ ಚಿಕಿತ್ಸೆಯೆಂದರೆ ಮುಖ್ಯವಾಗಿ ಒಳ್ಳೆಯ ಗಾಳಿ, ಬಿಸಿಲು, ವಿಶ್ರಾಂತಿ, ಹೊಟ್ಟೆತುಂಬ ಊಟ. ಮಾತ್ರೆಗಳು ಬಂದ ಮೇಲೆ ಊಟದ ಮಾತು ಹಿಂದೆ ಸರಿಯಿತು. 2018ರಲ್ಲಿ ಕೇಂದ್ರ ಸರ್ಕಾರ ಪ್ರತಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರಲ್ಲಿ ಅದನ್ನು 1000ಕ್ಕೆ ಏರಿಸಿದಾಗ ಮರಳಿದ್ದು ಆ ಹಳೆಯ ತಿಳಿವಳಿಕೆಗೇ.

ಕ್ಷಯದ ಹೊಸ ಪ್ರಕರಣಗಳನ್ನು 2015ರ ಮಟ್ಟದಿಂದ ಶೇ. 80ರಷ್ಟು ಇಳಿಸಲು ಜಗತ್ತು ಇಟ್ಟುಕೊಂಡ ಗಡುವು 2030. ಭಾರತ ಅದನ್ನು ತಾನಾಗಿಯೇ 2025ಕ್ಕೆ ಎಳೆದುಕೊಂಡಿತು. 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ಪ್ರಕರಣಗಳ ಅಂದಾಜು 2023ರಲ್ಲಿ 195ಕ್ಕೆ ಬಂತು. ಜಗತ್ತಿನ ಸರಾಸರಿ ಇಳಿಕೆಗಿಂತ ಇದು ಎರಡು ಪಟ್ಟು ಹೆಚ್ಚು. ಗುರಿಯ ಮುಂದೆ ಮಾತ್ರ ಇದು ಸೋಲು. ಮೆಚ್ಚಬೇಕಾದ ಕೆಲಸವನ್ನು ಸೋಲಾಗಿ ತೋರಿಸುವ ಗುರಿಯಲ್ಲೇ ಏನೋ ದೋಷವಿದೆ.

ಇದಕ್ಕಿಂತ ದೊಡ್ಡ ತೊಡಕು ಎಣಿಕೆಯದು. ಕ್ಷಯದ ರೋಗಾಣು ವರ್ಷಗಟ್ಟಲೆ ಮೈಯೊಳಗೆ ಸುಮ್ಮನೆ ಕುಳಿತಿರಬಲ್ಲದು. ಕೆಮ್ಮನ್ನು ಬೀಡಿಯ ಮೇಲೋ ಚಳಿಯ ಮೇಲೋ ಹಾಕುವವರೂ ಕಡಿಮೆಯಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಫದ ಪರೀಕ್ಷೆ ಮಾಡಿಸಿದಷ್ಟೂ ರೋಗಿಗಳ ಪಟ್ಟಿ ಉದ್ದವಾಗುತ್ತದೆ. ಸಂಖ್ಯೆ ಇಳಿಯಲಿ ಎಂದಷ್ಟೇ ಮೇಲಿನಿಂದ ಆಜ್ಞೆ ಬಂದರೆ, ಅದನ್ನು ಪಾಲಿಸಲು ಸುಲಭದ ದಾರಿಯೆಂದರೆ ರೋಗಿಗಳನ್ನು ಹುಡುಕದೇ ಇರುವುದು! ಜಿಲ್ಲೆಯ ಸರಾಸರಿಯೂ ಇಂಥದೇ ಮರೆ: ಮೈಸೂರು ನಗರವನ್ನೂ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳನ್ನೂ ಅದು ಒಂದೇ ಅಂಕಿಯಲ್ಲಿ ಮುಗಿಸಿಬಿಡುತ್ತದೆ. ಕೆಮ್ಮುವವರಲ್ಲಿ ಎಷ್ಟು ಜನರ ಪರೀಕ್ಷೆಯಾಯಿತು, ಎಷ್ಟು ಜನ ಆರು ತಿಂಗಳ ಮಾತ್ರೆ ಮುಗಿಸಿದರು ಎಂಬುದನ್ನು ತಾಲ್ಲೂಕುವಾರು ಕೇಳುವ ಗುರಿಗೆ ಭಾಷಣದ ಮೆರುಗು ಇರಲಾರದು. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರೆಂದು ಸ್ಪಷ್ಟವಾಗಿರುತ್ತದೆ.

ಸ್ಯಾನಿಟೋರಿಯಂ ಆವರಣದಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆಯೂ ಇದೆ. ಹೃದ್ರೋಗ, ಸಕ್ಕರೆ ಕಾಯಿಲೆಗಳಂಥವು ತರುವ ಅಕಾಲ ಮರಣವನ್ನು ಮೂರನೇ ಒಂದು ಭಾಗ ತಗ್ಗಿಸುವುದು 2030ಕ್ಕೆಂದು ಜಗತ್ತು ಇಟ್ಟುಕೊಂಡ ಗುರಿಗಳ ಪಟ್ಟಿಯಲ್ಲಿ ಬೇರೆಯೇ ಒಂದು ಗುರಿ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಕ್ಷಯ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು.